ಉಗುರ ಸಂದಿಯ ಹಳದಿ

ತೊಳೆಯುವ ಕೋಣೆಯ ದೀಪಗಳನ್ನೆಲ್ಲ ಆರಿಸಿ, ಬಾಗಿಲ ಗಾಜಿಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿ, ನಿಖತ ಕೈಯಲ್ಲಿದ್ದ ನೇರಳೆ ದೀಪದ ಗುಂಡಿ ಒತ್ತಿದಳು. ಹೊರಗೆ ಗೋವಾದ ಕುಂಡಯಿ ಕೈಗಾರಿಕಾ ವಸಾಹತಿನ ಮೇಲೆ ಮಧ್ಯಾಹ್ನ ಮೂರರ ಬಿಸಿಲು ಕಾಯುತ್ತಿತ್ತು, ಒಳಗೆ ನಾಲ್ಕು ಜನರ ಉಸಿರು ಮಾತ್ರ.

ಮೇಜಿನ ಮೇಲೆ ಪಂಪು ಇತ್ತು. ಹಿಂದಿನ ದಿನ ಅದರ ಹೊಟ್ಟೆಯೊಳಗೆಲ್ಲ ಹಳದಿ ವಿಟಮಿನ್ನಿನ ನೀರು ಹಚ್ಚಿ ಒಣಗಲು ಬಿಟ್ಟಿದ್ದರು. ಈ ದಿನ ಬೆಳಿಗ್ಗೆ ಪಂಪನ್ನು ಬಿಚ್ಚದೆ, ಕೈ ಹಾಕದೆ, ಅರ್ಧ ಗಂಟೆ ಬರೀ ನೀರು ಹಾಯಿಸಿದ್ದರು. ಎಲ್ಲಾದರೂ ಒಂದು ಸಾಸಿವೆಯಷ್ಟು ಹಳದಿ ಉಳಿದಿದ್ದರೂ ಈ ದೀಪಕ್ಕೆ ಅದು ಹಸಿರಾಗಿ ಹೊಳೆಯಬೇಕು. ಹೊಳೆದರೆ ಪಂಪು ತನ್ನನ್ನು ತಾನು ತೊಳೆದುಕೊಳ್ಳಲಾರದು ಎಂದರ್ಥ. ಕಣ್ಣಿಗೆ ಬಿಡುವ ಔಷಧ ಹರಿಯುವ ಪಂಪಿನಲ್ಲಿ ಮೂಲೆಯಲ್ಲಿ ಕೂತ ಹಳೆಯ ಹನಿ ಅಂದರೆ ಯಾರದೋ ಕಣ್ಣು ಹೋದಂತೆ.

ಪಂಪು ಮಾರಲು ಪುಣೆಯಿಂದ ಬಂದಿದ್ದ ಅಜಯ ಮುಚ್ಚಳ ತೆಗೆದ. ಒಳಗಿನ ಎರಡು ತಿರುಪುಗಳನ್ನು ಮಗುವನ್ನೆತ್ತಿದ ಹಾಗೆ ಎತ್ತಿ ಸ್ಟೀಲಿನ ತಟ್ಟೆಯಲ್ಲಿಟ್ಟ. ತಟ್ಟೆ ಹಿಡಿದು ನಿಂತವಳು ಚಂದವ್ವ, ಪಂಪುಗಳನ್ನು ದಿನಾ ಬಿಚ್ಚಿ ತೊಳೆಯುವ ನಾಲ್ವರು ಗುತ್ತಿಗೆ ಹೆಂಗಸರಲ್ಲಿ ಹಿರಿಯಳು. ಉತ್ಪಾದನೆಯ ಮುಖ್ಯಸ್ಥ ಪ್ರಭುದೇಸಾಯಿ ಕನ್ನಡಕ ಹಣೆಗೇರಿಸಿ ಬಗ್ಗಿದರು. ನಿಖತ ದೀಪವನ್ನು ನಿಧಾನವಾಗಿ ಆಡಿಸಿದಳು. ತಿರುಪುಗಳ ಸುತ್ತು, ಮುಚ್ಚಳದ ಅಂಚು, ದಂಡದ ಬುಡದಲ್ಲಿ ಸೀಲು ಕೂರುವ ಸಂದಿ. ಎಲ್ಲೂ ಏನೂ ಇಲ್ಲ. ಕಪ್ಪು, ನುಣುಪು, ಶುದ್ಧ.

"ಶಾಬಾಸ್," ಎಂದರು ಪ್ರಭುದೇಸಾಯಿ.

ಅಜಯ ಚಪ್ಪಾಳೆ ತಟ್ಟಿದ. ಆಗ ನಿಖತಳ ದೀಪ ತಟ್ಟೆಯ ಅಂಚಿಗೆ ಜಾರಿತು. ತಟ್ಟೆ ಹಿಡಿದ ಬೆರಳುಗಳಲ್ಲಿ ಹತ್ತು ಹಸಿರು ಗೆರೆಗಳು ಹೊತ್ತಿಕೊಂಡವು. ಉಗುರ ಸಂದಿಯಲ್ಲಿ, ಬೆರಳಿನ ಬಿರುಕುಗಳಲ್ಲಿ, ಹಸಿರು ಬಳೆಗಳ ಬದಿಯ ಚರ್ಮದಲ್ಲಿ.

ನಿಖತ ದೀಪ ಆರಿಸಿದಳು.

ಯೋಚಿಸಿ ಆರಿಸಲಿಲ್ಲ. ಬೆಂಕಿಗೆ ತಾಗಿದ ಕೈ ತಾನಾಗಿ ಹಿಂದೆ ಬರುವಂತೆ ಹೆಬ್ಬೆರಳು ಗುಂಡಿ ಒತ್ತಿತು. "ಆಯಿತು ಸರ್," ಎಂದಳು ಕೊಂಕಣಿಯಲ್ಲಿ, ಎಂದಿನಂತೆ ಸ್ವಚ್ಛವಾದ ಕೊಂಕಣಿಯಲ್ಲಿ.

ಯಾವ ಪಂಪು ಕೊಳ್ಳಬೇಕೆಂದು ಆಯ್ಕೆ ಮಾಡುವ ಕೆಲಸ ಅವಳಿಗೆ ಬಂದು ಎರಡು ತಿಂಗಳಾಗಿತ್ತು. ಕೆಲಸಕ್ಕೆ ಸೇರಿ ನಾಲ್ಕು ವರ್ಷಕ್ಕೆ ಸಿಕ್ಕ ಮೊದಲ ದೊಡ್ಡ ಕೆಲಸ. ಕಣ್ಣಿನ ಔಷಧ ಅಂಬಲಿಯಂತೆ ಮಂದ, ಅದನ್ನು ಕುಲುಕದೆ, ಬಿಸಿಮಾಡದೆ, ಮಲಿನ ಮಾಡದೆ ಸಾಗಿಸಬೇಕು. ರಬ್ಬರ್ ಕೊಳವೆಯನ್ನು ಹಿಂಡಿ ಹಿಂಡಿ ತಳ್ಳುವ ಪಂಪನ್ನು ಮೊದಲು ನೋಡಿದಳು. ಔಷಧ ಕೊಳವೆಯನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಆದರೆ ಕೊಳವೆ ಸವೆದು ಸಣ್ಣ ಚೂರು ಬಿಡುತ್ತದೆ. ಈಗಿರುವಂಥದ್ದೇ ಎರಡು ದಳದ ಪಂಪು ಗಟ್ಟಿಮುಟ್ಟು, ಆದರೆ ಪ್ರತಿ ಸಲ ಬಿಚ್ಚಿ ಕೈಯಲ್ಲೇ ಉಜ್ಜಬೇಕು. ಮೂರನೆಯದು ಈ ಜೋಡಿ ತಿರುಪಿನದು. ಇದನ್ನು ಯಾಕೆ ಕೊಳ್ಳಬೇಕೆಂದು ಬರೆದ ಟಿಪ್ಪಣಿಯಲ್ಲಿ ಅವಳೇ ಒಂದು ಸಾಲು ಸೇರಿಸಿದ್ದಳು: "ಬಿಚ್ಚಿ ತೊಳೆಯುವ ಅಗತ್ಯ ತಪ್ಪುವುದರಿಂದ ನಾಲ್ವರು ಗುತ್ತಿಗೆ ಕಾರ್ಮಿಕರು ಬೇಕಾಗುವುದಿಲ್ಲ." ಪ್ರಭುದೇಸಾಯಿ ಆ ಸಾಲಿನ ಕೆಳಗೆ ಗೆರೆ ಎಳೆದು "ವೆರಿ ಗುಡ್" ಎಂದಿದ್ದರು.

ಆ ನಾಲ್ವರಲ್ಲಿ ಒಬ್ಬಳು ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಎಂದು ಅವಳು ಯಾರಿಗೂ ಹೇಳಿರಲಿಲ್ಲ. ವಾಸ್ಕೋದ ಬಾಯ್ನಾ ಕೊಳೆಗೇರಿಯಲ್ಲಿ ಎರಡು ಮನೆಗೆ ಒಂದೇ ತಗಡಿನ ಗೋಡೆ. ಮನೆಗಳನ್ನು ಕೆಡವಿದ ದಿನ ನಿಖತಳಿಗೆ ಆರು ವರ್ಷ. ಅಮ್ಮ ಅಖ್ತರಬಾನು ಪಾತ್ರೆ ಹೊರುತ್ತಿದ್ದಾಗ ಅವಳನ್ನು ಎತ್ತಿಕೊಂಡು ನಿಂತವಳು ಚಂದವ್ವ, ಅವಳ ಪಾಲಿಗೆ ಮಾವಶಿ, ಚಿಕ್ಕಮ್ಮ. ಕೆಲಸಕ್ಕೆ ಸೇರಿದ ಮೊದಲ ವಾರ, ಕ್ಯಾಂಟೀನಿನ ಹಿಂದೆ ಸಿಕ್ಕಾಗ ನಿಖತಳೇ ಹೇಳಿದ್ದಳು, "ಮಾವಶಿ, ಕಂಪನಿ ಒಳಗ ಮಗಳ ಅನಬ್ಯಾಡ." ಚಂದವ್ವ ನಕ್ಕು, "ಆತ ಬಿಡ್ರಿ ಮ್ಯಾಡಮ್ಮಾರ," ಎಂದು ಸೆರಗು ತಲೆಗೆಳೆದು ಆಟವಾಡಿದ್ದಳು. ಆಮೇಲೆ ನಾಲ್ಕು ವರ್ಷ ಆ ಆಟ ನಡೆಯಿತು. ಯಾರೂ ಇಲ್ಲದಾಗ ಮಗಳ, ಯಾರಾದರೂ ಇದ್ದರೆ ಮ್ಯಾಡಮ್.

ಈಗ ನಿಖತ ಪ್ರಭುದೇಸಾಯಿ, ಅಜಯ ಇಬ್ಬರೂ ಹೋಗುವುದನ್ನೇ ಕಾದು ಮತ್ತೆ ತೊಳೆಯುವ ಕೋಣೆಗೆ ಬಂದಳು. ಚಂದವ್ವ ನೆಲ ಒರೆಸುತ್ತಿದ್ದಳು.

"ಪಾಸಾತಲ್ಲ ಮಗಳ ನಮ್ಮ ಪಂಪ? ಸಾಹೇಬ್ರ ಮಾರಿ ನೋಡಿದೇನ, ಹೋಳಿಗಿ ತಿಂದಂಗ ಆಗಿತ್ತು."

"ಮಾವಶಿ, ನೀ ಅದನ್ನ ಬಿಚ್ಚಿದೇನ?"

"ಮತ್ತ? ನೀ ಆ ಕೋಟಿನವನ ಜೋಡಿ ಊಟಕ್ಕ ಹೋದಿ. ನಾ ಬಂದು ನೋಡ್ತೀನಿ, ನೀರು ನಿಂತೈತಿ, ಕಾಯಾವ್ರು ಯಾರೂ ಇಲ್ಲ. ದಿನಾ ಮಾಡೋ ಕೆಲಸ, ನಾಕು ನಟ್ಟು ತಿರುವಿದ್ನಿ. ಅಯ್ಯ, ದಂಡದ ಹಿಂದ ಹಳದಿ ಹಂಗಽ ಕುಂತಿತ್ತ ನೋಡು! ಮಂದಿ ನೋಡಾಕ ಬರ್ತಾರ, ಹೊಲಸು ಬಿಡಬೇಕೇನ? ನಿನ್ನ ಹೆಸರು ಕೆಡೂದಿಲ್ಲೇನ?"

"ಕೈಗವಸು ಹಾಕ್ಕೊಂಡಿರಲಿಲ್ಲ?"

"ಅದನ್ನ ಹಾಕ್ಕೊಂಡ್ರ ಬೆರಳಿಗಿ ಮೂಲಿ ಗೊತ್ತಾಗಂಗಿಲ್ಲ ನಮ್ಮವ್ವ. ಹಿಂಗ ಉಗುರು ಹಾಕಿ ತೆಗಿಬೇಕು." ಆಮೇಲೆ ದನಿ ತಗ್ಗಿಸಿದಳು. "ನೀ ಸಹಿ ಮಾಡಿದ ಚೀಟಿ ಮೇಜಿನ ಮ್ಯಾಲ ಮರತು ಹೋಗಿದ್ದಿ. ಅದನ್ನೂ ನಾನಽ ಹಚ್ಚಿದ್ನಿ, ಮುಚ್ಚಳಕ್ಕ ಸೀದಾ ನೋಡಿ. ಯಾರಿಗೂ ಹೇಳಂಗಿಲ್ಲ ಬಿಡು."

ಆ ಚೀಟಿ ಮರೆತದ್ದಲ್ಲ. ನೀರು ನಿಂತ ಮೇಲೆ ಮುಚ್ಚಳಕ್ಕೆ ಚೀಟಿ ಅಂಟಿಸಿ, ಪರೀಕ್ಷೆಯವರೆಗೆ ಯಾರೂ ಬಿಚ್ಚಿಲ್ಲವೆಂದು ಸಾಕ್ಷಿ ನಿಲ್ಲಬೇಕಾದವಳು ನಿಖತ. ಬೆಳಿಗ್ಗೆ ಇನ್ನೂ ಕಾಲು ಗಂಟೆ ನೀರು ಓಡುವುದಿತ್ತು. ಪಕ್ಕದ ಫೋಂಡಾ ಪೇಟೆಯಲ್ಲಿ ಒಳ್ಳೆ ಮೀನೂಟ ಸಿಗುತ್ತದೆಂದು ಅಜಯ ಅವಸರ ಮಾಡಿದ. ಅವನು ಅವಳನ್ನು ಸರಿಸಮದ ಇಂಜಿನಿಯರ್ ಎಂಬಂತೆ ಮಾತಾಡಿಸುತ್ತಿದ್ದ. ಅದು ಹಿತವಾಗಿತ್ತು. ಅವಳು ಫಾರ್ಮಿನಲ್ಲಿ "12.10ಕ್ಕೆ ನನ್ನ ಎದುರಿಗೆ ಚೀಟಿ ಅಂಟಿಸಲಾಯಿತು" ಎಂದು 11.55ಕ್ಕೇ ಬರೆದು, ಸಹಿ ಹಾಕಿ, ಕಾರು ಹತ್ತಿದ್ದಳು. ವಾಪಸು ಬಂದಾಗ ಮುಚ್ಚಳದ ಮೇಲೆ ಚೀಟಿ ಕಂಡು, ನಾನೇ ಅಂಟಿಸಿ ಹೋಗಿದ್ದೆನೇನೋ ಎಂದು ತನಗೆ ತಾನೇ ನಂಬಿಸಿಕೊಂಡಿದ್ದಳು.

ಹೊರಗಿನ ಕಟ್ಟೆಯ ಮೇಲೆ ಕೂತು ಯೋಚಿಸಿದಳು. ಸುಮ್ಮನಿದ್ದರೆ ಕೊಳೆ ಉಳಿಸಿಕೊಳ್ಳುವ ಪಂಪು ಬರುತ್ತದೆ, ಚಂದವ್ವನ ಕೆಲಸವೂ ಹೋಗುತ್ತದೆ. ಹೇಳಿದರೆ, ಪರೀಕ್ಷೆಯ ಪಂಪಿಗೆ ಕೈ ಹಾಕಿದಳೆಂದು ಚಂದವ್ವನನ್ನು ಇವತ್ತೇ ಗೇಟಿನಾಚೆ ಕಳಿಸುತ್ತಾರೆ. ಅವಳು ಉಳಿಯಬೇಕೆಂದರೆ ಒಂದೇ ದಾರಿ ಇತ್ತು. ಆ ದಾರಿಯಲ್ಲಿ ಹೋಗಬೇಕಾದವಳು ನಿಖತ ಒಬ್ಬಳೇ.

ಪ್ರಭುದೇಸಾಯಿ ಖರೀದಿ ವಿಭಾಗಕ್ಕೆ ಮೇಲ್ ಬರೆಯುತ್ತಿದ್ದರು. "ಬಾ ನಿಖತ, ನಿನ್ನ ಹೆಸರನ್ನೂ ಹಾಕಿದ್ದೇನೆ."

"ಸರ್, ಪರೀಕ್ಷೆ ಮತ್ತೆ ಮಾಡಬೇಕು. ಪಂಪನ್ನು ನಡುವೆ ಬಿಚ್ಚಲಾಗಿದೆ."

"ಯಾರು ಬಿಚ್ಚಿದರು?"

ಏನು ಹೇಳಬೇಕೆಂದು ಮೆಟ್ಟಿಲು ಹತ್ತುವಾಗಲೆಲ್ಲ ಹೊಂದಿಸಿಕೊಂಡು ಬಂದಿದ್ದಳು. ಆದರೂ ಬಾಯಿಂದ ಬಂದದ್ದು, "ತೊಳೆಯುವ ಹೆಂಗಸೊಬ್ಬಳು."

"ತಟ್ಟೆ ಹಿಡಿದಿದ್ದವಳಾ? ಈ ಘಾಂಟಿಗಳಿಗೆ ಒಂದು ಹೇಳಿದರೆ ಇನ್ನೊಂದು." ಪ್ರಭುದೇಸಾಯಿ ಕಂಟ್ರಾಕ್ಟರಿಗೆ ಫೋನ್ ಮಾಡಲು ಕೈ ಚಾಚಿದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸೊಳ್ಳೆ ಹೊಡೆಯುವವನ ಉದಾಸೀನ ಇತ್ತು. ಘಟ್ಟದಾಚೆಯಿಂದ ಬಂದವರಿಗೆ ಆ ಹೆಸರು ಹಿಡಿದು ಕರೆದಾಗಲೆಲ್ಲ ನಿಖತ ಎಲ್ಲರ ಜೊತೆ ನಕ್ಕಿದ್ದಳು. ವಾಸ್ಕೋದ ಹುಡುಗಿ ಎಂದಷ್ಟೇ ಅವಳ ಬಗ್ಗೆ ಅವರಿಗೆ ಗೊತ್ತಿದ್ದದ್ದು.

"ಫೋನ್ ಬೇಡ ಸರ್." ನಿಖತ ಮೇಜಿನ ಹತ್ತಿರಕ್ಕೆ ಬಂದಳು. "ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಬಿಚ್ಚಿ ತೊಳೆಯುವುದೇ ಅವಳ ಕೆಲಸ, ಅದನ್ನೇ ಮಾಡಿದಳು. ಚೀಟಿ ನಾನು ಅಂಟಿಸಲಿಲ್ಲ. ಆ ಹೊತ್ತಿಗೆ ನಾನು ಫೋಂಡಾದಲ್ಲಿದ್ದೆ, ಅಜಯ ಅವರ ಜೊತೆ. ಫಾರ್ಮಿನಲ್ಲಿ ಬರೆದದ್ದು ಸುಳ್ಳು."

ಪ್ರಭುದೇಸಾಯಿ ಕೈ ಹಿಂದೆ ತೆಗೆದರು.

"ಮತ್ತೆ, ನಾನೂ ಘಾಂಟಿಯೇ ಸರ್. ಬಾಯ್ನಾದಲ್ಲಿ ನಾವಿಬ್ಬರೂ ಒಂದೇ ಗೋಡೆಯವರು."

ಅವರು ಪರದೆಯತ್ತ ತಿರುಗಿದರು. ಆಮೇಲೆ ತಣ್ಣಗೆ, ಹೇಳಿದ್ದನ್ನೆಲ್ಲ ಬರೆದುಕೊಡು ಎಂದರು. ನಾಳೆ ಹನ್ನೊಂದಕ್ಕೆ ಪರೀಕ್ಷೆ ಮತ್ತೆ, ಅದಾದ ಮೇಲೆ ಪಂಪಿನ ಕೆಲಸ ಬೇರೆಯವರಿಗೆ. "ಆ ಹೆಂಗಸು ಇರಲಿ. ತಟ್ಟೆ ಹಿಡಿಯಲು ಯಾರಾದರೂ ಬೇಕಲ್ಲ." ಬರೆಯುತ್ತಿದ್ದ ಮೇಲನ್ನು ಅಳಿಸಿದರು.

ಸಂಜೆ ಬಸ್ ನಿಲ್ದಾಣದಲ್ಲಿ ಚಂದವ್ವ ಕಾಗದದ ಪೊಟ್ಟಣ ಹಿಡಿದು ಕಾಯುತ್ತಿದ್ದಳು. "ಭಜಿ ಪಾವ ತಂದೀನಿ. ಪಂಪ ಪಾಸಾಗಿದ್ದಕ್ಕ. ತಿನ್ನು."

ನಿಖತ ನಿಂತುಕೊಂಡೇ ಹೇಳಿದಳು. ಪರೀಕ್ಷೆ ನಾಳೆ ಮತ್ತೆ ಇದೆಯೆಂದಳು, ಯಾರೂ ಮುಟ್ಟಬಾರದೆಂದಳು, ಆ ಪಂಪು ಬಿಚ್ಚದೇ ತೊಳೆದುಕೊಳ್ಳುತ್ತದೋ ಇಲ್ಲವೋ ಎಂದು ನೋಡುವುದೇ ಪರೀಕ್ಷೆಯೆಂದಳು.

"ಬಿಚ್ಚದಽ? ಮತ್ತ ನಾವು?"

"ಅದು ಬಂದ್ರ ತೊಳಿಯೋ ಕೆಲಸ ಇರಂಗಿಲ್ಲ, ಮಾವಶಿ. ನಿಮ್ಮ ನಾಕೂ ಮಂದೀದು."

"ಯಾರಂದ್ರು?"

"ಟಿಪ್ಪಣಿ ಬರದಾರ."

"ಯಾರು ಬರದಾರ?"

ಒಂದು ಲಾರಿ ಹಾದುಹೋಯಿತು. ಅದು ಹೋಗುವವರೆಗೆ ಸಮಯ ಸಿಕ್ಕಿತು. "ನಾನಽ."

ಚಂದವ್ವ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಅಂದ್ರ ಇವತ್ತ ನನ್ನ ಅನ್ನದ ಗಂಗಾಳ ನಾನಽ ತಿಕ್ಕಿ ತೊಳದು ಬೋರಲ ಹಾಕಿದ್ನಿ ಅನ್ನು."

"ಮೊದಲಽ ಹೇಳಬೇಕಾಗಿತ್ತು. ನಾಚಿಕಿ ಬಂತು."

"ಬರಿಯುವಾಗ ಬರಲಿಲ್ಲೇನ ನಾಚಿಕಿ? ಹೇಳುವಾಗಷ್ಟ ಬಂತ?" ಚಂದವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಸೊಂಟದ ಮೇಲೆ ಹೊತ್ತದ್ದು ಇದನ್ನೇನಾ ಎಂಬಂತೆ. "ಕೆಲಸ ಹೋಗ್ತದಂದ್ರ ಹೋಗಲಿ, ಇನ್ನೊಂದು ಹುಡುಕ್ತೀನಿ. ಬಾಯ್ನಾದಾಗ ಮನಿನಽ ಹೋತು. ಆದ್ರ ಮನಿ ಕೆಡವಾಕ ಬಂದಾವ್ರು ಮೊದಲ ನೋಟೀಸರೇ ಕೊಟ್ಟಿದ್ರು."

ಬಸ್ಸು ಬಂತು. ಚಂದವ್ವ ಪೊಟ್ಟಣವನ್ನು ನಿಖತಳ ಕೈಗೆ ತುರುಕಿದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ಸುತ್ತ ಅವರಿಬ್ಬರನ್ನು ಬಲ್ಲವರು ಯಾರೂ ಇರಲಿಲ್ಲ.

"ನಾಳಿ ಎಷ್ಟಕ್ಕ ಬರಬೇಕ್ರಿ, ಮ್ಯಾಡಮ್?"

ಭಜಿ ಇನ್ನೂ ಬಿಸಿ ಇತ್ತು. ನಿಖತ ಅದನ್ನು ತಿನ್ನಲೂ ಇಲ್ಲ, ಎಸೆಯಲೂ ಆಗಲಿಲ್ಲ. ವಾಸ್ಕೋದವರೆಗೂ ಎಣ್ಣೆ ಕಾಗದದಿಂದ ಅವಳ ಚೀಲಕ್ಕೆ ಇಳಿಯುತ್ತಿತ್ತು.

ಅಂದು ಸಂಜೆಯೇ ಬೇರೊಬ್ಬರು ಹಳದಿ ಹಚ್ಚಿಟ್ಟಿದ್ದರು. ಮರುದಿನ ನೀರು ಓಡಿದ ಅರ್ಧ ಗಂಟೆಯೂ ನಿಖತ ಪಂಪಿನ ಮುಂದೆ ಸ್ಟೂಲಿನ ಮೇಲೆ ಕೂತೇ ಇದ್ದಳು. ಚೀಟಿಯನ್ನು ತಾನೇ ಅಂಟಿಸಿದಳು. ಚಂದವ್ವ ಆಚೆಯ ಗೋಡೆಗೆ ಒರಗದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಒಮ್ಮೆಯೂ ಪಂಪಿನ ಕಡೆ ಹೆಜ್ಜೆ ಹಾಕಲಿಲ್ಲ.

ದೀಪ ಆರಿತು, ನೇರಳೆ ದೀಪ ಹೊತ್ತಿತು. ಅಜಯ ತಿರುಪುಗಳನ್ನು ತೆಗೆದು ಚಂದವ್ವ ಹಿಡಿದ ತಟ್ಟೆಗಿಟ್ಟ. ದಂಡದ ಬುಡದಲ್ಲಿ, ಸೀಲಿನ ಹಿಂದೆ, ಉಗುರು ಹೋಗುವಷ್ಟೇ ಅಗಲದ ಸಂದಿಯಲ್ಲಿ ಹಸಿರು ಚಂದ್ರನ ಚೂರೊಂದು ಹೊಳೆಯಿತು.

"ದೇವಾ," ಎಂದರು ಪ್ರಭುದೇಸಾಯಿ. ಅಜಯ ಫೋಟೋ ತೆಗೆದ. ಸೀಲು ಬದಲಿಸಿ ಮುಂದಿನ ತಿಂಗಳು ಮತ್ತೆ ತರುತ್ತೇನೆ ಎಂದ. ಮುಂದಿನ ತಿಂಗಳವರೆಗೆ ನಾಲ್ಕು ಹೆಂಗಸರಿಗೆ ಕೆಲಸ ಇತ್ತು.

ಆಗ ಚಂದವ್ವ ತಟ್ಟೆಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ದೀಪದ ಕೆಳಗೆ ಚಾಚಿದಳು. ಮೊದಲು ಅಂಗೈ, ಆಮೇಲೆ ಮುಂಗೈ. ರಾತ್ರಿ ಎಷ್ಟು ತಿಕ್ಕಿದ್ದಳೋ, ಬಿರುಕುಗಳೆಲ್ಲ ಬೆಳ್ಳಗಾಗಿದ್ದವು. ಉಗುರುಗಳನ್ನು ಮಾಂಸ ಕಾಣುವಷ್ಟು ಕತ್ತರಿಸಿಕೊಂಡಿದ್ದಳು. ಬಳೆ ತೆಗೆದಿದ್ದಳು. ಎಲ್ಲೂ ಒಂದು ಚುಕ್ಕೆ ಹೊಳೆಯಲಿಲ್ಲ.

"ನೋಡ್ರಿ ಸಾಹೇಬ್ರ. ನೋಡ್ರಿ ಮ್ಯಾಡಮ್. ಇವತ್ತ ನಾ ಮುಟ್ಟಿಲ್ಲರಿ."

"ಏನಂತಾಳೆ?" ಪ್ರಭುದೇಸಾಯಿ ನಿಖತಳತ್ತ ತಿರುಗಿದರು. ಅವಳಿಗೆ ಆ ಭಾಷೆ ಗೊತ್ತೆಂದು ಈಗ ಅವರಿಗೆ ಗೊತ್ತಿತ್ತು.

ನಿಖತ ಅದನ್ನು ಕೊಂಕಣಿಗೆ ತಿರುಗಿಸಿದಳು. ನಾಲ್ಕು ಪದ. ಹೆಬ್ಬೆರಳು ದೀಪದ ಗುಂಡಿಯ ಮೇಲೇ ಇತ್ತು, ಒತ್ತಬೇಕೆನಿಸಿತು. ಒತ್ತಲಿಲ್ಲ. ಚಂದವ್ವ ತಾನಾಗಿ ಕೈ ಹಿಂದಕ್ಕೆ ಎಳೆದುಕೊಳ್ಳುವವರೆಗೂ ಆ ಕೈಗಳ ಮೇಲೆ ಬೆಳಕು ಹಿಡಿದೇ ನಿಂತಳು.