ಇನ್ನೊಂದ್ಸಲ ಸಾಹೇಬರ ಮಣ್ಣು

ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಹೂಳಿನ ಗುತ್ತಿಗೆದಾರ ನಡೆಯುತ್ತಲೇ ಪಿಸುಗುಟ್ಟಿದ. "ನಾಳೆ ಸಹಿ ಹಾಕ್ತೀರಲ್ಲ ಮೇಡಂ? ಹೂಳು ಒಣಗಿ ಕಲ್ಲಾಗ್ತಿದೆ."

"ಮೊದಲು ಅವರನ್ನ ಇಳಿಸೋಣ," ಎಂದಳು ಪ್ರಯೋಗಾಲಯದ ಸಹಾಯಕಿ.

ಹೊಳೆಯಿಂದ ಎತ್ತಿ ದಡದಲ್ಲಿ ಗುಡ್ಡೆ ಹಾಕಿದ್ದ ಹೂಳು ತರಕಾರಿ ತೋಟಗಳಿಗೆ ಹೋಗಬಹುದೋ ಬಾರದೋ ಎಂದು ಹೇಳಬೇಕಿದ್ದ ಪ್ರಯೋಗಾಲಯದ ಅಧಿಕಾರಿ ಈಗ ಪೆಟ್ಟಿಗೆಯೊಳಗಿದ್ದರು. ಕೇಳಿದವರಿಗೆಲ್ಲ "ಇನ್ನೊಂದ್ಸಲ ನೋಡೋಣ" ಎನ್ನುತ್ತಿದ್ದುದಕ್ಕೆ ಊರು ಇಟ್ಟ ಹೆಸರೇ ಇನ್ನೊಂದ್ಸಲ ಸಾಹೇಬರು. ಗುಡ್ಡೆಯ ಮೇಲೆ ಹುಲ್ಲು ಬೆಳೆದು ಆಡು ಮೇಯುವ ಹೊತ್ತಿಗೆ ಅವರ ಎದೆಬಡಿತ ನಿಂತಿತು. ಸಹಿ ಹಾಕುವ ಕೆಂಡ ಸಹಾಯಕಿಯ ಸೆರಗಿಗೆ ಬಿತ್ತು.

"ಮನೇಲೂ ಹಂಗೇ ಕಣಮ್ಮ," ಸಾಹೇಬರ ಹೆಂಡತಿ ಅಳುತ್ತಲೇ ಸಿಡುಕಿದರು. "ಬೀಗ ಹಾಕಿ, ಬೀದಿ ತುದಿಯಿಂದ ವಾಪಸ್ ಬಂದು ಜಗ್ಗಿ ನೋಡೋರು. ಹೋಗೋವಾಗ ಮಾತ್ರ ಒಂದೇ ಸಲಕ್ಕೆ ಹೋದ್ರು ನೋಡು."

*

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಗುಡ್ಡೆಯ ಎಲ್ಲ ಮೂಲೆಗಳ ಹೂಳನ್ನು ಒಂದೇ ಬೋಗುಣಿಯಲ್ಲಿ ಕಲಸಿದ್ದಳು. ಸಾಹೇಬರು ಬೋಗುಣಿಯನ್ನೇ ಬೋರಲು ಹಾಕಿದ್ದರು.

"ಕಲಸಿದ್ರೆ ಕೆಟ್ಟದ್ದು ಒಳ್ಳೇದರ ಬೆನ್ನ ಹಿಂದೆ ಬಚ್ಚಿಟ್ಕೊಳ್ಳುತ್ತೆ ಕಣಮ್ಮ. ಒಂದೊಂದು ಮೂಲೇದೂ ಬೇರೆ ಡಬ್ಬೀಲಿಡು."

ಬೇರೆ ಇಟ್ಟು ನೋಡಿದಾಗಲೆಲ್ಲ ರಸ್ತೆ ಕಡೆಯ ಮೂಲೆ ಕೆಟ್ಟದ್ದೇ ಬಂತು. ಅದು ಚರ್ಮದ ಕಾರ್ಖಾನೆಯ ಚರಂಡಿ ಹೊಳೆಗೆ ಸೇರುವ ಜಾಗದ ಹೂಳು.

"ಆ ಮೂಲೆ ಬೇಡ ಅಂತ ಹೇಳ್ಬಿಡಿ ಸಾರ್!"

"ತೋಟದವರು ಆಸೆ ಇಟ್ಕೊಂಡಿದ್ದಾರೆ, ಪಾಪ. ಇನ್ನೊಂದ್ಸಲ ನೋಡೋಣ."

ಡಬ್ಬಿಯನ್ನು ಗೋಡೆಗೆ ಎಸೆಯಬೇಕೆನಿಸಿತ್ತು ಅವಳಿಗೆ.

*

ಪೆಟ್ಟಿಗೆ ಗುಂಡಿಗಿಳಿಯಿತು. ಗುಂಡಿ ತೋಡುವವನು ಪಕ್ಕದ ಕಪ್ಪು ರಾಶಿಗೆ ಸಲಿಕೆ ಹಾಕಿದ. ವಾಸನೆ ಅವಳ ಮೂಗಿಗೆ ಬಡಿಯಿತು.

"ಇದನ್ನ ಎಲ್ಲಿಂದ ತಂದೆ?"

"ಗುಂಡೀಲಿ ಬರೀ ಕಲ್ಲು ಮೇಡಂ, ಮಣ್ಣು ಸಾಲ್ಲಿಲ್ಲ. ದಡದ ಗುಡ್ಡೆಯಿಂದ ಕೈಗಾಡೀಲಿ ತಳ್ಳಿಕೊಂಡು ಬಂದೆ. ರಸ್ತೆ ಕಡೇದು, ಹತ್ತಿರ ಆಯ್ತು."

"ಹಾಕ್ಬೇಡ."

ಗುತ್ತಿಗೆದಾರ ನಕ್ಕ. "ಸತ್ತೋರಿಗೆ ಅದೇನ್ ಮಾಡುತ್ತೆ ಮೇಡಂ?"

"ಸತ್ತೋರಿಗೆ ಏನೂ ಮಾಡಲ್ಲ. ಬೇಲಿ ಆಚೆ ಬಾವಿ ಇದೆ, ಜನ ಕುಡೀತಾರೆ."

"ಹಾಗಾದ್ರೆ ನಾಳೆ...?"

"ಇಲ್ಲ." ದನಿ ಬೇಕಾದ್ದಕ್ಕಿಂತ ಜೋರಾಯಿತು. "ಆ ಮೂಲೆ ತೋಟಕ್ಕೂ ಇಲ್ಲ, ಇಲ್ಲಿಗೂ ಇಲ್ಲ."

"ಸಾಹೇಬರೇ ಹಾಗೆ ಅಂದಿರಲಿಲ್ಲ!"

"ಅನ್ನಲಿಲ್ಲ. ಅದಕ್ಕೇ ನಂಗೆ ಹೊಟ್ಟೆ ಉರೀತಿರೋದು."

ಗುಂಡಿ ತೋಡುವವನು ಸಲಿಕೆ ಊರಿ ನಿಂತ. "ಮತ್ತೆ ಮುಚ್ಚೋದು ಯಾತರಲ್ಲಿ?"

ಸಾಹೇಬರ ಹೆಂಡತಿ ಬೇಲಿಯವರೆಗೆ ನಡೆದರು. ಹೊದ್ದಿದ್ದ ಹಳೇ ಶಾಲನ್ನು ನೆಲಕ್ಕೆ ಹಾಸಿ, ಕುಕ್ಕರಗಾಲಲ್ಲಿ ಕೂತು, ಬೇಲಿ ಬುಡದ ಕೆಂಪು ಮಣ್ಣನ್ನು ಬರಿಗೈಯಲ್ಲಿ ಕೆದಕಿ ತುಂಬಿದರು. ಆಮೇಲೆ ತಲೆಯೆತ್ತಿ ಗುತ್ತಿಗೆದಾರನನ್ನು ನೋಡಿದರು.

"ನಿಂತು ನೋಡ್ತೀರಲ್ಲ, ಹಿಡೀರಿ ಆ ತುದಿ."

ಹಿಡಿದ. ಇಬ್ಬರೂ ಎತ್ತಿದಾಗ ಶಾಲು ನಡುವೆ ಜೋತಿತು. ಗುಂಡಿಯವರೆಗೂ ದಾರಿಯುದ್ದಕ್ಕೂ ಅದರ ತೂತುಗಳಿಂದ ಮಣ್ಣು ಸೋರುತ್ತಲೇ ಹೋಯಿತು.