ಮಂಚಮ್ಮನ ತಲೆಗೆ ಎಣ್ಣೆ

ಕೆಂಪಾಜಮ್ಮ ಸೀಸೆಯ ಬಿರಡೆ ಕಿತ್ತು ಅಂಗೈಗೆ ಬೇವಿನೆಣ್ಣೆ ಬಗ್ಗಿಸಿಕೊಳ್ಳುವಷ್ಟರಲ್ಲಿ ಇಂದ್ರಾಣಿ ಅವಳ ಮಣಿಕಟ್ಟು ಹಿಡಿದುಬಿಟ್ಟಳು.

“ಬ್ಯಾಡ ಚಿಕ್ಕತ್ತೆ. ಅತ್ತೆಮ್ಮನ ತಲೆಗೆ ಇದು ಬ್ಯಾಡ.”

ಮಂಚಮ್ಮನ ಕೊನೆಯ ಸ್ನಾನ ಮುಗಿದಿತ್ತು. ಸೋಸಲೆಯ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಎಣ್ಣೆ ಹಚ್ಚಿ ತಲೆ ಬಾಚುವುದಷ್ಟೇ ಬಾಕಿ. ನೆರೆದ ಹೆಂಗಸರಲ್ಲಿ ಅರ್ಧ ಜನ ಅವಳು ಕಾಯಿಸಿದ ಬೇವಿನೆಣ್ಣೆಯಿಂದಲೇ ಹೇನು, ಹೊಟ್ಟು, ಕಜ್ಜಿ ಕಳೆದುಕೊಂಡವರು. ಅದನ್ನೇ ಹಚ್ಚಿ ಕಳಿಸುವುದು ಅವಳಿಗೆ ಮರ್ಯಾದೆ ಎಂದು ಬೆಳಿಗ್ಗೆಯಿಂದ ಮಾತಾಡಿಕೊಂಡಿದ್ದರು. ಈಗ ಸೊಸೆ ಅಡ್ಡ ಬಂದರೆ ಸುಮ್ಮನಿರುತ್ತಾರೆಯೇ?

“ನಾತ ಅಂತ ತಾನೆ?” ಎಂದಳು ಕೆಂಪಾಜಮ್ಮ. ಸತ್ತವಳ ತಂಗಿ, ತಗಡೂರಿನಿಂದ ಮೊದಲ ಬಸ್ಸಿಗೆ ಬಂದವಳು. “ನಮ್ಮಕ್ಕ ಇದ್ದಾಗ್ಲೂ ನೀನ್ ಮೂಗ್ ಮುಚ್ಕೋತಿದ್ದೆ. ಈಗ್ಲೂ ಮುಚ್ಕೋಬೇಕಾ?”

ಪಕ್ಕದ ಮನೆಯ ಪುಟ್ಟಗೌರಮ್ಮ ದನಿಗೂಡಿಸಿದಳು. “ನನ್ ಮಗಳ ತಲೆ ಬೋಳಿಸ್ಬೇಕು ಅಂದಿದ್ರು ಕಣವ್ವ. ಕೂದ್ಲು ಉಳ್ಸಿದ್ದು ಈ ಎಣ್ಣೆ.”

ಇಂದ್ರಾಣಿ ಹಿಡಿತ ಸಡಿಲಿಸಲಿಲ್ಲ. ಮೂಗು ಮುಚ್ಚಿಕೊಂಡದ್ದು ನಿಜ, ಮದುವೆಯಾಗಿ ಬಂದ ಹೊಸದರಲ್ಲಿ. ಆಮೇಲೆ ಹನ್ನೊಂದು ವರ್ಷ ಅತ್ತೆಯ ಜೊತೆ ಕೂತು ಅದೇ ಎಣ್ಣೆ ಕಾಯಿಸಿದವಳೂ ಅವಳೇ.

*

ಕಳೆದ ಆಷಾಢದಲ್ಲಿ ಇಬ್ಬರೂ ಒಲೆ ಮುಂದೆ ಕೂತಿದ್ದರು. ಕುಟ್ಟಿದ ಬೇವಿನ ಬೀಜ ನೀರಿನಲ್ಲಿ ಕುದಿಯುತ್ತಿತ್ತು; ಮೇಲೆ ತೇಲಿದ ಎಣ್ಣೆಯನ್ನು ಮಂಚಮ್ಮ ಚಮಚದಲ್ಲಿ ತೆಗೆಯುತ್ತಿದ್ದಳು. ಯಾರು ಕೇಳಿ ಬಂದರೂ ಅವಳದು ಒಂದೇ ಮಾತು: ಮೊದಲು ಮೊಣಕೈ ಒಳಗೆ ಒಂದು ತೊಟ್ಟು ಹಚ್ಚಿ ಒಂದು ದಿನ ನೋಡು, ಉರಿಯದಿದ್ದರೆ ಕೊಬ್ಬರಿ ಎಣ್ಣೆ ಬೆರೆಸಿ ಹಚ್ಚು. ಡಾಕ್ಟರಿಗೂ ಅಷ್ಟು ಗತ್ತು ಇರಲಾರದು.

ಅವತ್ತು ಮಾತ್ರ ಮೆಲ್ಲಗೆ ಅಂದಳು. “ಇಂದ್ರಾಣಿ, ನಾನ್ ಸತ್ತಾಗ ತಲೆಗೆ ಮಲ್ಲಿಗೆ ಎಣ್ಣೆ ಆಕವ್ವ.”

“ಈಗ್ಲೇ ಆಕ್ಕೊಳಿ ಅತ್ತೆಮ್ಮ, ಯಾರ್ ಬ್ಯಾಡ ಅಂದ್ರು?”

“ಅಯ್ಯೋ ಪೆದ್ದಿ! ನನ್ ತಲೇಲೇ ಮಲ್ಲಿಗೆ ಗಮಲು ಬಂದ್ರೆ ನನ್ ಎಣ್ಣೆ ಯಾರ್ ನಂಬ್ತಾರೆ? ಸತ್ ಮ್ಯಾಲೆ ಯಾರೂ ಕೇಳ್ಕೊಂಡ್ ಬರಾಕಿಲ್ವಲ್ಲ.”

ಮಾರನೆಯ ದಿನವೇ ಇಂದ್ರಾಣಿ ನರಸೀಪುರದಿಂದ ಒಂದು ಸೀಸೆ ತಂದಳು. ಮಂಚಮ್ಮ ಮೂಸಿ ನೋಡಿ, ನಾಚಿ ನಕ್ಕು, ತಾನೇ ಟ್ರಂಕಿನಲ್ಲಿಟ್ಟಳು.

*

ಇಂದ್ರಾಣಿ ಎಲ್ಲವನ್ನೂ ಹೇಳಿದಳು. ಟ್ರಂಕಿನಿಂದ ಸೀಸೆ ತಂದು ತೋರಿಸಿದಳು.

“ಇವತ್ ತರ್ಸಿದ್ರೆ ನಮಗೇನ್ ಗೊತ್ತು?” ಎಂದಳು ಕೆಂಪಾಜಮ್ಮ.

“ನಂಬಿದ್ರೆ ನಂಬಿ, ಬುಟ್ರೆ ಬುಡಿ. ನಾನ್ ಮಾತ್ ಕೊಟ್ಟಿವ್ನಿ. ಇನ್ಮ್ಯಾಲೆ ನಿಮಗೆಲ್ಲ ಬೇವಿನೆಣ್ಣೆ ಕಾಯ್ಸಿ ಕೊಡೋಳು ನಾನೇ. ಇವತ್ತು ಅತ್ತೆಮ್ಮಂಗೆ ರಜ.”

ಯಾರ ಅಪ್ಪಣೆಗೂ ಕಾಯದೆ ಅಂಗೈ ತುಂಬ ಸುರಿದುಕೊಂಡು ಆ ಬಿಳಿಕೂದಲಿಗೆ ತಿಕ್ಕಿದಳು. ಜಗಲಿಯೆಲ್ಲ ಘಮ್ಮೆಂದಿತು. ಪುಟ್ಟಗೌರಮ್ಮ ಬಾಚಣಿಗೆ ಚಾಚಿದಳು.

ಮಂಚಮ್ಮನ ಬಾಯಿಗೆ ಅಕ್ಕಿ ಹಾಕಲು ಎಲ್ಲರಿಗಿಂತ ಮೊದಲು ಅವಳ ಗಂಡ ದೊಡ್ಡಮಾದಯ್ಯನನ್ನು ಕರೆದರು. ಮುದುಕ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಹೆಂಡತಿಯ ಮುಂದೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಅವಳ ಬೈತಲೆಗೆ ಮೂಗು ಒತ್ತಿ, ಕಣ್ಣು ಮುಚ್ಚಿ, ನಿಧಾನಕ್ಕೆ ಉಸಿರೆಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ.

ಹಿಂದಿನಿಂದ ಯಾರೋ, “ಬೇಗ ಬೇಗ,” ಎಂದರು.

“ಇರ್ಲಿ ಬುಡ್ರೋ,” ಎಂದು ಕೆಂಪಾಜಮ್ಮ ಗದರಿದಳು.

ಅವನ ಮುಷ್ಟಿಯಿಂದ ಅಕ್ಕಿ ಒಂದೊಂದೇ ಕಾಳು ಮಂಚಮ್ಮನ ಮಡಿಲಿಗೆ ಉದುರುತ್ತಿತ್ತು.