ಆರು ಗಂಟೆಗೆ ಮುಚ್ಚಿದ ಬಾಟಲಿ

ಅರಳಗುಪ್ಪೆಯಲ್ಲಿ ಅಲ್ಲಿಯವರೆಗೆ ಯಾವ ಹೆಣದ ತಲೆಯ ಮೇಲೂ ಟೋಪಿ ಇಟ್ಟಿದ್ದಿಲ್ಲ. ಆದ್ದರಿಂದ, ಇಡಬಹುದೋ ಇಡಬಾರದೋ ಎಂಬ ಗಹನವಾದ ಪ್ರಶ್ನೆಯನ್ನು ಇತ್ಯರ್ಥ ಮಾಡಲು ಹನ್ನೊಂದು ಮಂದಿ ಹಿರಿಯರು ಬೆಳಗಿನ ಒಂಬತ್ತಕ್ಕೇ ತೋಟದ ಮನೆಯ ಜಗಲಿ ಹಿಡಿದು ಕೂತಿದ್ದರು. ಒಳಗೆ ದ್ರಾಕ್ಷಾಯಣಮ್ಮ ಮೂರನೆಯ ಸಲ ತಮ್ಮನ ತಲೆಗೆ ಟೋಪಿ ಸರಿಮಾಡಿ ಇಡುತ್ತಿದ್ದಳು. ಗೋಡೆಗೆ ಒರಗಿಸಿ ಕೂರಿಸಿದ್ದ ತೋಂಟದಾರ್ಯ ಮೂರನೆಯ ಸಲವೂ ಕತ್ತು ವಾಲಿಸಿ ಅದನ್ನು ಕೆಡವಿದ.

ಪೈಲಟ್ಟಿನ ಕಡುನೀಲಿ ಟೋಪಿ. ಹಣೆಯ ಭಾಗದಲ್ಲಿ ಜರಿಯ ಎರಡು ರೆಕ್ಕೆ. ಒಂದು ರೆಕ್ಕೆಯ ಜರಿಯನ್ನು ಇಲಿ ತಿಂದಿತ್ತು.

"ಟೋಪಿ ಇದ್ರೆ ನಾನು ಪಾದ ಎಲ್ಲಿ ಇಡ್ಲವ್ವಾ?" ಎಂದು ಕೇಳಿದರು ಏಕಾಂತಯ್ಯನವರು. ಊರಿನ ಮಠದ ಅಯ್ಯನವರು. ಹೆಣದ ತಲೆಯ ಮೇಲೆ ಪಾದವಿಟ್ಟು ಕಳಿಸಿಕೊಡುವುದು ಅವರ ಕೆಲಸ. "ಟೋಪಿ ಮ್ಯಾಲೆ ಇಟ್ರೆ ಪುಣ್ಯ ಎಲ್ಲಾ ಟೋಪಿಗೇ ಹೋಯ್ತದೆ."

"ತೊಡೆ ಮ್ಯಾಲೆ ಇಡಿ ಅತ್ಲಾಗೆ," ಎಂದರು ಒಬ್ಬರು.

"ಎಡಗೈನಾಗೆ ಲಿಂಗ ಇರ್ತದೆ ಕಣಪ್ಪ."

"ಬಲತೊಡೆ ಖಾಲಿ ಐತಲ್ಲ?"

ಅಂಗಳದಲ್ಲಿ ಬಿದಿರು ಸೀಳುತ್ತಿದ್ದರು. ಹೆಣವನ್ನು ಕೂರಿಸಿ ಹೊರುವ ಬಿದಿರಿನ ಮಂಟಪಕ್ಕೆ ಆ ಕಡೆ ವಿಮಾನ ಎನ್ನುತ್ತಾರೆ. ಅಂದು ಮಾತ್ರ ಎಲ್ಲರೂ ಎಚ್ಚರದಿಂದ ಅದನ್ನು ಮಂಟಪ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಟ್ಟಲು ತೆಂಗಿನ ಎಳೆಯ ಗರಿ ಬೇಕಿತ್ತು. ಗರಿ ಕೀಳಬೇಕಾದ ದುರ್ಗಯ್ಯ, ಮೂವತ್ತು ವರ್ಷದಿಂದ ಆ ತೋಟದ ಮರ ಹತ್ತುತ್ತಿದ್ದವನು, "ಕೈ ಉಳುಕೈತೆ" ಎಂದು ಹೇಳಿ ಬೇಲಿಯಾಚೆ ಕೂತಿದ್ದ.

"ಟೋಪಿ ಆಮ್ಯಾಕೆ ನೋಡಾನ," ಎಂದ ಬಸವರಾಜಪ್ಪ. ಸತ್ತವನ ಒಡಹುಟ್ಟಿದ ತಮ್ಮ, ತಿಪಟೂರಿನಲ್ಲಿ ಕೊಬ್ಬರಿ ಮಂಡಿಯವನು. "ಮೊದ್ಲು ಎಲ್ಲಿ ಕೂರಿಸ್ಬೇಕು ಅನ್ನೋದು ತೀರ್ಮಾನ ಆಗ್ಲಿ. ಅಪ್ಪಾಜಿ ಸಮಾಧಿ ಪಕ್ಕ ಅಂತ ಅಕ್ಕಯ್ಯ ಹಟ ಹಿಡಿದವಳೆ. ಅಯ್ಯನೋರು ಏನಂತೀರಿ?"

ಅಯ್ಯನವರು ಏನನ್ನಬೇಕೆಂದು ಬಸವರಾಜಪ್ಪ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ಹೇಳಿಬಂದಿದ್ದ.

"ಕುಡಿದ ಬಾಯಿಗೆ ಪಾದೋದಕ ಬಿಡಾಕಿಲ್ಲ," ಎಂದರು ಏಕಾಂತಯ್ಯ, ಗಂಟಲು ಸರಿಮಾಡಿಕೊಂಡು. "ನಮ್ಮ ಗುರುಗಳ ಕಾಲದಿಂದ ಬಂದ ಪದ್ಧತಿ. ಪಾದೋದಕ ಬಿಡ್ದಲೆ ಹಿರೇರ ಪಕ್ಕ ಕೂರ್ಸಾಕೂ ಇಲ್ಲ."

"ಕೆರೆ ಅಂಚಿನಾಗೆ ಜಾಗ ಐತಲ್ಲ," ಎಂದ ಬಸವರಾಜಪ್ಪ, ಸಿದ್ಧಮಾಡಿಕೊಂಡ ಉದಾರತೆಯಿಂದ.

ದ್ರಾಕ್ಷಾಯಣಮ್ಮ ಟೋಪಿ ಹಿಡಿದುಕೊಂಡೇ ಹೊಸಿಲಿಗೆ ಬಂದಳು. ಅರವತ್ತೆರಡು ವರ್ಷದ ವಿಧವೆ. ಒಂಬತ್ತು ವರ್ಷದಿಂದ ದಿನವೂ ಬೆಳಿಗ್ಗೆ ಆರಕ್ಕೆ ಊರಮನೆಯಿಂದ ತಮ್ಮನಿಗೆ ಕಾಫಿ ತರುತ್ತಿದ್ದವಳು. ಆ ಬೆಳಿಗ್ಗೆಯೂ ತಂದಿದ್ದಳು. ತೋಂಟದಾರ್ಯ ಕುರ್ಚಿಯಲ್ಲಿ ಕೂತೇ ಕೈಗಡಿಯಾರ ನೋಡಿ, "ಸರಿಯಾಗಿ ಆರಕ್ಕೆ ಬಂದೆ" ಎಂದು ಲೋಟಕ್ಕೆ ಕೈ ಚಾಚಿದವನು ಹಾಗೇ ಮುಂದಕ್ಕೆ ಬಾಗಿದ್ದ.

"ಅವನಿಗೂ ಒಂದು ನೇಮ ಇತ್ತು ಅಯ್ಯನೋರೆ. ಸಾಯಂಕಾಲ ಆರಾದ ಮ್ಯಾಲೆ ತೊಟ್ಟು ಮುಟ್ತಿರ್ಲಿಲ್ಲ. ಬೆಳಿಗ್ಗೆ ಆರಕ್ಕೆ ಪ್ರಾಣ ಹೋಯ್ತು. ಹನ್ನೆರಡು ಗಂಟೆ ಆಯ್ತು. ಹನ್ನೆರಡು ಗಂಟೆ ಆದ್ರೆ ಕುಡಿದ ಬಾಯಲ್ಲ."

"ಯಾವ ಶಾಸ್ತ್ರದಾಗೈತವ್ವ ಅದು?"

"ವಿಮಾನದೋರ ಶಾಸ್ತ್ರದಾಗೈತೆ. ಹನ್ನೆರಡು ಗಂಟೆ ಆಗಿದ್ರೆ ನೂರು ಜನದ ಪ್ರಾಣ ಅವನ ಕೈಯಾಗೆ ಕೊಡ್ತಿದ್ರು. ನೀವು ಒಂದು ಗುಟುಕು ನೀರು ಕೊಡಾಕಾಗಲ್ವಾ?"

ಅಯ್ಯನವರಿಗೆ ಈ ವಾದ ಉದ್ದಕ್ಕೂ ಅಗಲಕ್ಕೂ ಸರಿಯಿದೆ ಎನ್ನಿಸಿತು. ಅವರು ಕೆಟ್ಟವರಲ್ಲ, ಹಿಂದಿನವರು ಹೇಳಿದ್ದನ್ನು ಬಿಟ್ಟುಕೊಡಲು ಅವರಿಗೆ ಇನ್ನೊಂದು ಕಟ್ಟಳೆ ಬೇಕಾಗಿತ್ತು, ಅಷ್ಟೇ.

"ಹನ್ನೆರಡು ಆಗಿದ್ರೆ ಒಪ್ತೀನಿ. ಒಂದು ಗಳಿಗೆ ಕಡಿಮೆ ಆದ್ರೂ ಇಲ್ಲ. ಸಾಕ್ಷಿ ಯಾರು?"

"ದುರ್ಗಯ್ಯನ್ನ ಕರೀರಿ," ಎಂದ ಬಸವರಾಜಪ್ಪ. "ಬಾಟ್ಲಿ ಇರ್ತಿದ್ದಿದ್ದು ಅವನ ತಾವ."

*

ತೋಂಟದಾರ್ಯ ಒಂದು ವಿಮಾನ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಪೈಲಟ್ ಆಗಿದ್ದ. ಕುಡಿತಕ್ಕೂ ಹಾರಾಟಕ್ಕೂ ನಡುವೆ ಹನ್ನೆರಡು ಗಂಟೆ ಇರಬೇಕೆಂಬ ನಿಯಮವನ್ನು ಅಷ್ಟು ವರ್ಷದಲ್ಲಿ ಒಂದೇ ಸಲ ಮುರಿದ. ಎಪ್ಪತ್ತಾರನೇ ಇಸವಿ, ಮದರಾಸು. ಸಹೋದ್ಯೋಗಿಯೊಬ್ಬನ ಮಗುವಿನ ನಾಮಕರಣ. ಮರುದಿನ ಬೆಳಿಗ್ಗೆ ಆರಕ್ಕೆ ಬೆಂಗಳೂರಿಗೆ ಹಾರಬೇಕಿತ್ತು. ವಿಮಾನ ಸರಿಯಾಗಿ ಏರಿ ಸರಿಯಾಗಿ ಇಳಿಯಿತು. ಪ್ರಯಾಣಿಕರಲ್ಲಿ ಒಬ್ಬರ ಕಾಫಿಯೂ ಚೆಲ್ಲಲಿಲ್ಲ. ಆದರೆ ಅವನು ದಾರಿಯುದ್ದಕ್ಕೂ ಏಲಕ್ಕಿ ಅಗಿಯುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಕಿರಿಯ ಪೈಲಟ್ ಹಿಂದೆಂದೂ ಅವನ ಬಾಯಲ್ಲಿ ಏಲಕ್ಕಿ ಕಂಡಿರಲಿಲ್ಲ.

ವಿಚಾರಣೆ ಮಾಡಿದ ಅಧಿಕಾರಿ ಮಂಗಳೂರಿನ ಕಡೆಯವರು, ಕನ್ನಡದಲ್ಲೇ ಮಾತಾಡಿದರು. ಬಾಗಿಲು ಮುಚ್ಚಿಸಿದರು. ಬರೆದುಕೊಳ್ಳುವವನನ್ನು ಕಾಫಿಗೆ ಕಳಿಸಿದರು.

"ಕೊನೆಯ ಗ್ಲಾಸು ಎಷ್ಟು ಗಂಟೆಗೆ?"

"ಎಂಟಕ್ಕೆ, ಸರ್."

"ಸರಿಯಾಗಿ ನೆನಪು ಮಾಡಿ ಕ್ಯಾಪ್ಟನ್. ಆರೋ, ಎಂಟೋ? ಆರಾದರೆ ನಾನು ಈ ಕಾಗದ ಹರಿದು ಹಾಕುತ್ತೇನೆ."

ತೋಂಟದಾರ್ಯ ನೆನಪು ಮಾಡಿಕೊಂಡ.

"ಎಂಟು," ಎಂದ.

*

ಕೆಲಸ ಕಳೆದುಕೊಂಡು ಊರಿಗೆ ಬಂದವನು ತೋಟದ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಒಂದು ಮಂಚ, ಒಂದು ಕುರ್ಚಿ ಹಾಕಿಕೊಂಡು ಉಳಿದ. ಮದುವೆಯಾಗಿರಲಿಲ್ಲ. ತನ್ನನ್ನು ಮತ್ತೆ ಕರೆಸಿಕೊಳ್ಳಬೇಕೆಂದು ವರ್ಷಕ್ಕೊಂದು ಅರ್ಜಿ ಬರೆಯುತ್ತಿದ್ದ. 'ಪರಿಶೀಲಿಸಲಾಗುವುದು' ಎಂಬ ಉತ್ತರ ವರ್ಷಕ್ಕೊಂದು ಬರುತ್ತಿತ್ತು. ಯಾವ ದಿನ ಬೇಕಾದರೂ ಕರೆ ಬರಬಹುದು, ಬಂದರೆ ಬೆಳಿಗ್ಗೆ ಆರರ ವಿಮಾನವೇ ಆಗಿರಬಹುದು. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಬ್ರಾಂದಿ ಬಾಟಲಿ ತೆಗೆದವನು ಸಂಜೆ ಆರಕ್ಕೆ ಮುಚ್ಚಳ ತಿರುಗಿಸಿ ಅದನ್ನು ದುರ್ಗಯ್ಯನ ಕೈಗೆ ಕೊಡುತ್ತಿದ್ದ.

ಊರು ಇದನ್ನು ಬೇರೆ ರೀತಿ ಓದಿತು. ಮರ್ಯಾದಸ್ಥರು ಕತ್ತಲಾದ ಮೇಲೆ ಕುಡಿಯುತ್ತಾರೆ. ಬಸವರಾಜಪ್ಪನೇ ಮಂಡಿಯ ಹಿಂದಿನ ಕೋಣೆಯಲ್ಲಿ ದೀಪ ಹಚ್ಚದೆ ಒಂದು ದಿನವೂ ಕುಡಿದವನಲ್ಲ. ಹಾಡುಹಗಲಲ್ಲಿ, ಎದುರಿಗೆ ಗಡಿಯಾರ ಇಟ್ಟುಕೊಂಡು ಕುಡಿಯುವವನೆಂದರೆ ಅವನಿಗಿಂತ ಕಡುಕುಡುಕ ಇನ್ನಾರು? ಸಂಜೆ ಆರರ ಮೇಲೆ ಅವನು ತೋಟದಲ್ಲಿ ಒಬ್ಬನೇ ನೆಟ್ಟಗೆ ಅಡ್ಡಾಡುವುದನ್ನು ಯಾರೂ ನೋಡಲಿಲ್ಲ. ಆ ಹೊತ್ತಿಗೆ ಅವರವರು ಅವರವರ ಮರ್ಯಾದೆಯಲ್ಲಿ ತೊಡಗಿರುತ್ತಿದ್ದರು.

ಅವನ ಜೊತೆ ಮಾತಾಡುತ್ತಿದ್ದವನು ದುರ್ಗಯ್ಯ ಒಬ್ಬನೇ.

"ನಮ್ದೂ ಹಂಗೇ ಸ್ವಾಮಿ. ಮರ ಹತ್ತೋ ಹಿಂದಿನ ರಾತ್ರಿ ನಾನು ಮುಟ್ಟಾಕಿಲ್ಲ."

"ಎಷ್ಟು ಗಂಟೆ ಅಂತರ ಬಿಡ್ತೀಯ?"

"ಗಂಟೆ ಯಾರು ನೋಡ್ತಾರೆ? ಬೆಳಿಗ್ಗೆ ಎದ್ದು ಕೈ ಹಿಂಗೆ ಮುಂದಕ್ಕೆ ಚಾಚ್ತೀನಿ. ನಡುಗಿದ್ರೆ ಹತ್ತಾಕಿಲ್ಲ."

"ಅದೇ ಒಳ್ಳೆ ನಿಯಮ," ಎಂದಿದ್ದ ತೋಂಟದಾರ್ಯ, ಬಹಳ ಹೊತ್ತು ಯೋಚಿಸಿ.

ಸಾಯುವ ಹಿಂದಿನ ಸಂಜೆ ಆರಕ್ಕೆ ಎಂದಿನಂತೆ ಬಾಟಲಿ ಕೊಟ್ಟ. ಎಂಟಕ್ಕೆ ಬ್ಯಾಟರಿ ಹಿಡಿದುಕೊಂಡು ತಾನೇ ದುರ್ಗಯ್ಯನ ಗುಡಿಸಿಲಿಗೆ ಬಂದ. ಒಂಬತ್ತು ವರ್ಷದಲ್ಲಿ ಬಂದದ್ದು ಅದೇ ಮೊದಲು.

"ಬಾಟ್ಲಿ ಕೊಡು ದುರ್ಗಯ್ಯ."

"ಎಂಟಾಯ್ತಲ್ಲ ಸ್ವಾಮಿ. ಬೆಳಿಗ್ಗೆ ಡೂಟಿ ಬಂದ್ರೆ?"

"ಬರಲ್ಲ ಕಣಯ್ಯ. ಇವತ್ತಿಗೆ ನಂಗೆ ಐವತ್ತೆಂಟು ತುಂಬ್ತು. ಕಂಪನೀಲಿ ಐವತ್ತೆಂಟಾದ ಮೇಲೆ ಯಾರ್ನೂ ಹಾರಿಸಲ್ಲ."

ದುರ್ಗಯ್ಯ ಬಾಟಲಿ ತಂದ. ತೋಂಟದಾರ್ಯ ಅಂಗಳದ ಕಲ್ಲಿನ ಮೇಲೆ ಕೂತು ಎರಡು ಲೋಟ ಕೇಳಿದ.

"ನಂಗೆ ನಾಳೆ ಕಾಯಿ ಕೀಳೋದೈತೆ ಸ್ವಾಮಿ."

"ಅದನ್ನ ನಾಡಿದ್ದು ಕೀಳು. ನನ್ ಜೊತೆ ಯಾರೂ ಕೂತು ಕುಡಿದಿಲ್ಲ, ಈ ಊರಿಗೆ ಬಂದ ಮೇಲೆ."

ದುರ್ಗಯ್ಯ ಕೂತ. ಬಾಟಲಿ ಮುಗಿಯಿತು. ಹೆಚ್ಚು ಕುಡಿದವನು ದುರ್ಗಯ್ಯ.

*

ದುರ್ಗಯ್ಯ ಬಂದು ಜಗಲಿಯಿಂದ ಹತ್ತು ಮಾರು ದೂರದಲ್ಲಿ, ಅವನಿಗೆ ಗೊತ್ತುಮಾಡಿದ್ದ ಜಾಗದಲ್ಲಿ ನಿಂತ. ಎರಡು ಕೈಯನ್ನೂ ಕಂಕುಳಲ್ಲಿ ಅವುಚಿಕೊಂಡಿದ್ದ.

"ನಿನ್ನೆ ಬಾಟ್ಲಿ ಎಷ್ಟೊತ್ತಿಗೆ ನಿನ್ ಕೈಗೆ ಬಂತಲಾ?" ಎಂದು ಕೇಳಿದರು ಏಕಾಂತಯ್ಯ.

"ಆರಕ್ಕೆ ಬುದ್ಧಿ."

"ಆಮ್ಯಾಕೆ ಕುಡೀಲಿಲ್ವಾ?"

"ಇಲ್ಲ ಬುದ್ಧಿ."

"ಎಂಟು ಗಂಟೆಗೆ ನಿನ್ ಗುಡಿಸ್ಲು ತಾವ ಬ್ಯಾಟ್ರಿ ಬೆಳಕು ಕಂಡ್ತಂತಲ್ಲ?" ಎಂದ ಬಸವರಾಜಪ್ಪ. "ನೆಟ್ಟಗೆ ಹೇಳು. ಆರಾ, ಎಂಟಾ?"

ದುರ್ಗಯ್ಯ ಬಾಗಿಲೊಳಗೆ ನೋಡಿದ. ಅಲ್ಲಿಂದ ತೋಂಟದಾರ್ಯನ ಮೊಣಕಾಲು ಮಾತ್ರ ಕಾಣುತ್ತಿತ್ತು.

"ಆರು," ಎಂದ. "ಎಂಟಕ್ಕೆ ಬಂದಿದ್ದು ನಿಜ. ನಾಳೆ ಕಾಯಿ ಕೀಳ್ಬೇಕು, ಕುಡೀಬ್ಯಾಡ ಅಂತ ಹೇಳಾಕೆ ಬಂದಿದ್ರು."

"ಕುಡೀಲಿಲ್ವಾ ಮತ್ತೆ ನೀನು?"

"ಇಲ್ಲ ಯಜಮಾನ್ರೆ."

ಬಸವರಾಜಪ್ಪ ಮೂವತ್ತು ವರ್ಷದಿಂದ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಳೆತಿದೆಯೇ ಇಲ್ಲವೇ ಎಂದು ಹೇಳುವವನು. ಈ ಮಾತನ್ನೂ ಅಲ್ಲಾಡಿಸಿ ನೋಡಿದ.

"ಹಂಗಾರೆ ಹತ್ತಿ ಗರಿ ಕೆಡವು. ಕುಡಿದಿದ್ರೆ ನೀನು ಹತ್ತಾಕಿಲ್ಲ ಅನ್ನೋದು ಊರಿಗೇ ಗೊತ್ತು. ಕೈ ಉಳುಕೋ, ಇನ್ನೇನೋ, ಗೊತ್ತಾಗ್ಲಿ."

ದುರ್ಗಯ್ಯ ಕಂಕುಳಿಂದ ಕೈ ತೆಗೆದು, ಹೆಗಲ ಮೇಲಿದ್ದ ಹಗ್ಗದ ಬಳೆಯನ್ನು ಪಾದಗಳಿಗೆ ಸಿಕ್ಕಿಸಿಕೊಳ್ಳಲು ಬಗ್ಗಿದ. ಒಂದು ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಅವನ ಬೆರಳುಗಳು ನಡುಗುತ್ತಿದ್ದುದನ್ನು ಹನ್ನೊಂದು ಮಂದಿ ಹಿರಿಯರಲ್ಲಿ ಯಾರೂ ಗಮನಿಸಲಿಲ್ಲ. ಅವರು ಮತ್ತೆ ಟೋಪಿಯ ವಿಷಯಕ್ಕೆ ಹೋಗಿದ್ದರು. ದ್ರಾಕ್ಷಾಯಣಮ್ಮ ಗಮನಿಸಿದಳು.

ಆಕೆ ಮೆಟ್ಟಿಲಿಳಿದು ಮರದ ಬುಡದವರೆಗೂ ಬಂದಳು. ಅರವತ್ತು ಅಡಿಯ ಮರ, ಆಕೆಯ ಅಪ್ಪ ನೆಟ್ಟದ್ದು.

"ದುರ್ಗಯ್ಯ," ಎಂದಳು ಮೆಲ್ಲಗೆ. "ಬ್ಯಾಡ ಬುಡೋ. ಬಾಳೆಕಂದು ಕಟ್ಟಿದ್ರೆ ಆಯ್ತದೆ."

"ಯಾಕಕ್ಕಯ್ಯ ಬ್ಯಾಡ?" ಎಂದ ಬಸವರಾಜಪ್ಪ ಜಗಲಿಯಿಂದಲೇ. "ಅದ್ಯಾಕೆ ಅಂತ ಎಲ್ರಿಗೂ ಕೇಳಂಗೆ ಹೇಳು."

ಯಾಕೆಂದು ಹೇಳಿದರೆ ಸತ್ತ ತಮ್ಮ ಕೆರೆಯ ಅಂಚಿಗೆ ಹೋಗುತ್ತಾನೆ. ಸುಮ್ಮನಿದ್ದರೆ ಈತ ಬಿದ್ದರೂ ಬೀಳಬಹುದು.

"ನೀವು ಸುಮ್ಕಿರಿ ಅಮ್ಮಾರೆ," ಎಂದ ದುರ್ಗಯ್ಯ, ಆಕೆಗೆ ಮಾತ್ರ ಕೇಳುವಷ್ಟು. "ನಂಗೆ ಏನೂ ಆಗಾಕಿಲ್ಲ. ಕುಡಿದು ಹತ್ತು ಗಂಟೆ ಮ್ಯಾಲಾಗೈತೆ."

ಹತ್ತಿದ. ಅರ್ಧ ಮರದಲ್ಲಿ ಹಗ್ಗ ಜಾರಿ ಎರಡು ಮೊಳ ಕೆಳಗೆ ಬಂದ. ಎದೆಯ ಚರ್ಮ ಮರಕ್ಕೆ ಉಜ್ಜಿದ ಸದ್ದು ಕೇಳಿಸಿತು. ಮರವನ್ನು ತಬ್ಬಿಕೊಂಡು ಹಾಗೇ ನಿಂತ. ಬಿದಿರು ಸೀಳುವುದು ನಿಂತಿತು. ದ್ರಾಕ್ಷಾಯಣಮ್ಮ ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆ ನೋಡುತ್ತಿದ್ದಳು, ಕೆಳಗೆ ಏನಾದರೂ ಬಿದ್ದರೆ ಅದರಲ್ಲಿ ಹಿಡಿದುಕೊಳ್ಳುವವಳಂತೆ.

ಸ್ವಲ್ಪ ಹೊತ್ತಿಗೆ ಹಗ್ಗ ಮತ್ತೆ ಮೇಲಕ್ಕೆ ಹೋಯಿತು.

ಒಂದು ಗರಿ ಬಿತ್ತು. ಇನ್ನೊಂದು. ಮತ್ತೆರಡು. ಕೆಲಸ ಮುಗಿದ ಮೇಲೂ ಅವನು ಸುಳಿಯಲ್ಲಿ ಕೂತೇ ಇದ್ದ. ಇಳಿ ಎಂದು ಯಾರೂ ಕೂಗಲಿಲ್ಲ. ಇಳಿದು ಬಂದಾಗ ಎದೆಯ ಮೇಲೆ ರಕ್ತ ಬಂದಿತ್ತು, ಮುಖ ತೊಳೆದಂತೆ ಬೆವರಿತ್ತು.

"ಹನ್ನೆರಡು ಗಂಟೆ ಆಗೈತೆ," ಎಂದು ಏಕಾಂತಯ್ಯನವರು ತೀರ್ಪು ಕೊಟ್ಟರು. "ನೀರು ತರ್ರವ್ವ."

ಬಸವರಾಜಪ್ಪನಿಗೆ ಕೊಬ್ಬರಿ ಒಳಗೆ ಕೊಳೆತದ್ದು ಸರಿಯಾಗಿಯೇ ಕೇಳಿಸಿತ್ತು. ಆದರೆ ಪರೀಕ್ಷೆ ಒಡ್ಡಿದವನು ತಾನೇ.

*

ಸಂಜೆ ನಾಲ್ಕಕ್ಕೆ ತೋಂಟದಾರ್ಯನನ್ನು ತೋಟದ ಉತ್ತರದ ಮೂಲೆಯಲ್ಲಿ, ಅಪ್ಪನ ಪಕ್ಕ ತೋಡಿದ್ದ ಗುಂಡಿಯ ಗೂಡಿನಲ್ಲಿ ಕೂರಿಸಿದರು. ಬಾಯಿಗೆ ಪಾದೋದಕ ಬಿಟ್ಟರು. ಎಡಗೈಯಲ್ಲಿ ಲಿಂಗ ಇಟ್ಟರು. ಅಯ್ಯನವರು ಬರಿತಲೆಯ ಮೇಲೆ ಪಾದ ಇಟ್ಟರು. ಟೋಪಿ ಬಲತೊಡೆಯ ಮೇಲೆ ಹೋಯಿತು. ಕೈಗಡಿಯಾರ ಬಿಚ್ಚುವುದನ್ನು ಯಾರೋ ಮರೆತಿದ್ದರು, ಅದು ನಡೆಯುತ್ತಿತ್ತು.

ವಿಭೂತಿ, ಪತ್ರೆ, ಉಪ್ಪು ಹಾಕಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹಿಂತಿರುಗಿ ನೋಡದೆ ಹೋದರು. ದ್ರಾಕ್ಷಾಯಣಮ್ಮ ಮಾತ್ರ ನಿಂತಿದ್ದಳು. ಕೊನೆಗೆ ದುರ್ಗಯ್ಯ ಬೇಲಿ ದಾಟಿ ಬಂದು ಮಣ್ಣು ಹಾಕಿದ. ಆಮೇಲೆ ಎರಡು ಕೈಯನ್ನೂ ಮುಂದಕ್ಕೆ ಚಾಚಿ ನೋಡಿಕೊಂಡ. ಹೆಗಲ ಮೇಲಿನ ಹಗ್ಗದ ಬಳೆಯನ್ನು ತೆಗೆದು ಗುಂಡಿಗೆ ಹಾಕಿದ. ಅದು ಟೋಪಿಯ ಪಕ್ಕ ಬಿತ್ತು.

ಆ ಸಲದ ಕಾಯಿ ಕೀಳಲು ಹಂದನಕೆರೆಯಿಂದ ಬೇರೆ ಆಳು ಬಂದ.